ವಾಟರ್‌ಲೂ ರಸ್ತೆಯ ಒಪೆರಾ

ಲಂಡನ್ನಿನ ಓಲ್ಡ್ ವಿಕ್ ರಂಗಮಂದಿರ ಎಂದರೆ ಇಂದು ನೆನಪಾಗುವುದು ಶೇಕ್ಸ್‌ಪಿಯರ್. ಥೇಮ್ಸ್ ನದಿಯ ದಕ್ಷಿಣಕ್ಕೆ, ವಾಟರ್‌ಲೂ ರಸ್ತೆಯಲ್ಲಿರುವ ಈ ಕಟ್ಟಡದಲ್ಲಿ ಶೇಕ್ಸ್‌ಪಿಯರ್ ನಾಟಕಗಳು ನೆಲೆಯೂರಿದ್ದು 1914ರಲ್ಲಿ. ಅದಕ್ಕೆ ಇಪ್ಪತ್ತು ವರ್ಷಕ್ಕೂ ಮೊದಲಿನಿಂದ ಅಲ್ಲಿ ಒಪೆರಾ ನಡೆಯುತ್ತಿತ್ತು. ನಡೆಸುತ್ತಿದ್ದದ್ದು ಒಂದು ಧರ್ಮಾರ್ಥ ಸಂಸ್ಥೆ. ನೋಡಲು ಬರುತ್ತಿದ್ದವರು ಸುತ್ತಲಿನ ಲ್ಯಾಂಬೆತ್ ಕೇರಿಗಳ ದುಡಿಯುವ ಜನ. ಹಾಡುತ್ತಿದ್ದವರಲ್ಲಿ ಬಹುಪಾಲು ಇನ್ನೂ ಹೆಸರು ಮಾಡದವರು. ಇಂಗ್ಲಿಷ್ ನ್ಯಾಷನಲ್ ಒಪೆರಾ ಎಂಬ ಇಂದಿನ ದೊಡ್ಡ ಸಂಸ್ಥೆಯ ಬೇರು ಇಲ್ಲಿದೆ. ಎಳೆಯ ಗಾಯಕರಿಗೆ ರಂಗದ ಅನುಭವ ಕೊಡುವುದಕ್ಕೆಂದೇ ಬ್ರಿಟನ್ನಿನಲ್ಲಿ ಮುಂದೆ ಹುಟ್ಟಿದ ಸಣ್ಣ ಸಂಸ್ಥೆಗಳಲ್ಲಿ ಹಲವನ್ನು ಹಿಡಿದು ಹಿಂದಕ್ಕೆ ಹೋದರೂ ಬಂದು ತಲಪುವುದು ಇದೇ ರಸ್ತೆಗೆ.

ಒಪೆರಾ ಗಾಯಕನ ಕಲಿಕೆಯಲ್ಲಿ ಹಳೆಯ ಕಾಲದಿಂದಲೂ ಒಂದು ಕಂದರವಿದೆ. ಸಂಗೀತ ಶಾಲೆಯಲ್ಲಿ ಗುರುವಿನ ಎದುರು, ಪಿಯಾನೊ ಪಕ್ಕದಲ್ಲಿ ನಿಂತು ಹಾಡುವುದು ಒಂದು ವಿದ್ಯೆ. ಭಾರದ ಉಡುಪು ತೊಟ್ಟು, ಇಳಿಜಾರಾದ ರಂಗದ ಮೇಲೆ ಓಡಾಡುತ್ತ, ಒಂದು ಕಣ್ಣು ನಿರ್ವಾಹಕನ ಕೋಲಿನ ಮೇಲಿಟ್ಟು, ಮೈಕಿಲ್ಲದೆ ಇಡೀ ವಾದ್ಯವೃಂದವನ್ನು ದಾಟಿ ಕೊನೆಯ ಸಾಲಿಗೆ ದನಿ ಮುಟ್ಟಿಸುವುದು ಬೇರೆಯದೇ ವಿದ್ಯೆ. ಮೊದಲನೆಯದನ್ನು ಕಲಿಸಲು ಶಾಲೆಗಳಿದ್ದವು. ಎರಡನೆಯದಕ್ಕೆ ರಂಗವೇ ಶಾಲೆ. ನೀರಿಗಿಳಿಯದೆ ಈಜು ಬಾರದು. ಆದರೆ ಈಜು ಬಾರದವರನ್ನು ನೀರಿಗೆ ಇಳಿಸಲು ದೊಡ್ಡ ಮಂದಿರಗಳು ಒಪ್ಪುತ್ತಿರಲಿಲ್ಲ.

ಜರ್ಮನಿಯಲ್ಲಿ ಈ ತೊಡಕು ಅಷ್ಟಿರಲಿಲ್ಲ. ಒಂದೊಂದು ಸಣ್ಣ ಸಂಸ್ಥಾನಕ್ಕೂ ಅದರದೇ ರಂಗಮಂದಿರವಿದ್ದುದರಿಂದ ಹೊಸಬರು ಅಂಥ ಊರುಗಳಲ್ಲಿ ನಾಲ್ಕಾರು ವರ್ಷ ಪಳಗಿ ದೊಡ್ಡ ಊರಿಗೆ ಹೋಗುತ್ತಿದ್ದರು. ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಒಪೆರಾ ಎಂದರೆ ಲಂಡನ್ನಿನ ಕೋವೆಂಟ್ ಗಾರ್ಡನ್, ಅದೂ ವರ್ಷದಲ್ಲಿ ಕೆಲವು ತಿಂಗಳು, ಸಿರಿವಂತರಿಗಾಗಿ, ಹೊರದೇಶದ ತಾರೆಗಳಿಂದ. ಐರ್ಲೆಂಡಿನ ಅಲನ್ ಜೇಮ್ಸ್ ಫೋಲಿ ಎಂಬ ಗಾಯಕ ‘ಸಿನ್ಯೋರ್ ಫೋಲಿ’ ಎಂದು ಇಟಲಿಯವನ ವೇಷ ಹಾಕಿಕೊಂಡೇ ಹೆಸರು ಗಳಿಸಬೇಕಾಯಿತು. ಊರೂರು ಸುತ್ತಿ ಇಂಗ್ಲಿಷಿನಲ್ಲಿ ಆಡುತ್ತಿದ್ದ ಕಂಪನಿಗಳಲ್ಲಿ 1870ರ ದಶಕದಲ್ಲಿ ಶುರುವಾದ ಕಾರ್ಲ್ ರೋಸಾ ಕಂಪನಿ ಮುಖ್ಯವಾದದ್ದು. ಅಲ್ಲಿ ಜಾಗ ಸಿಗದವರಿಗೆ ಉಳಿಯುತ್ತಿದ್ದದ್ದು ಚರ್ಚುಗಳ ಭಜನೆ, ಸಭಾಭವನಗಳ ಕಚೇರಿ.

ಓಲ್ಡ್ ವಿಕ್ ಕಟ್ಟಡ ಬಾಗಿಲು ತೆರೆದದ್ದು 1818ರಲ್ಲಿ, ರಾಯಲ್ ಕೋಬರ್ಗ್ ಎಂಬ ಹೆಸರಿನಲ್ಲಿ. 1833ರಲ್ಲಿ ಅದಕ್ಕೆ ಮುಂದೆ ರಾಣಿಯಾಗಲಿದ್ದ ವಿಕ್ಟೋರಿಯಾಳ ಹೆಸರು ಬಂತು. ಜನ ಅದನ್ನು ಚಿಕ್ಕದಾಗಿ ‘ವಿಕ್’ ಎಂದರು. ಮುಂದಿನ ದಶಕಗಳಲ್ಲಿ ಅದು ಅಗ್ಗದ ಮನರಂಜನೆಗೂ ಕುಡಿತಕ್ಕೂ ಹೆಸರಾದ ಜಾಗ. ಬಡವರಿಗೆ ಒಳ್ಳೆಯ ವಸತಿ ಒದಗಿಸುವ ಕೆಲಸದಲ್ಲಿ ತೊಡಗಿದ್ದ ಎಮ್ಮಾ ಕಾನ್ಸ್ ಎಂಬ ಸಮಾಜ ಸೇವಕಿ ಇದನ್ನು ಬೇರೆಯೇ ಕಣ್ಣಿನಿಂದ ನೋಡಿದರು. ವಾರದ ಕೂಲಿ ಹೆಂಡದಂಗಡಿಗೆ ಹೋಗುವುದನ್ನು ತಪ್ಪಿಸಬೇಕಾದರೆ ಸಂಜೆ ಹೊತ್ತು ಕಳೆಯಲು ಬೇರೆ ಜಾಗವೊಂದು ಬೇಕು ಎಂಬುದು ಅವರ ಲೆಕ್ಕ. 1880ರ ಡಿಸೆಂಬರ್ 26ರಂದು ಅದೇ ಕಟ್ಟಡ ರಾಯಲ್ ವಿಕ್ಟೋರಿಯಾ ಕಾಫಿ ಅಂಡ್ ಮ್ಯೂಸಿಕ್ ಹಾಲ್ ಆಗಿ ಮತ್ತೆ ತೆರೆಯಿತು. ಒಳಗೆ ಮದ್ಯವಿಲ್ಲ, ಕಾಫಿ ಇದೆ. ಪೋಲಿ ಹಾಡಿಲ್ಲ, ಮನೆಮಂದಿಯೊಂದಿಗೆ ಕೂತು ಕೇಳುವ ಸಂಗೀತವಿದೆ. ಮೊದಲಿಗೆ ನಷ್ಟವೇ ಆಯಿತು. ಜವಳಿ ಉದ್ಯಮಿ ಸ್ಯಾಮ್ಯುಯೆಲ್ ಮೋರ್ಲಿ ಅವರಂಥವರು ಕೈಹಿಡಿದದ್ದರಿಂದ ಸಂಸ್ಥೆ ಉಳಿಯಿತು. ಮುಂದೆ ಕಟ್ಟಡವನ್ನು ಚಂದಾ ಎತ್ತಿ ಕೊಂಡು, ಸರ್ಕಾರದ ಧರ್ಮಾರ್ಥ ಆಯೋಗದ ಉಸ್ತುವಾರಿಗೆ ಒಳಪಡಿಸಲಾಯಿತು. ಇಲ್ಲಿ ನಡೆಯುತ್ತಿದ್ದ ಅಗ್ಗದ ವಿಜ್ಞಾನ ಭಾಷಣಗಳು ಬೆಳೆದು 1889ರಲ್ಲಿ ಮೋರ್ಲಿ ಕಾಲೇಜ್ ಎಂಬ ಸಂಜೆ ಶಾಲೆಯೂ ಹುಟ್ಟಿತು. ಆ ಹೆಸರು ಈ ಕತೆಯಲ್ಲಿ ಮತ್ತೊಮ್ಮೆ ಬರುತ್ತದೆ.

ಹೀಗೆ ಒಪೆರಾ ಈ ಮಂದಿರಕ್ಕೆ ಬಂದದ್ದು ಕಲೆಯ ಉದ್ಧಾರಕ್ಕಾಗಿ ಅಲ್ಲ, ಪಾನನಿರೋಧದ ಬೆನ್ನೇರಿ. ಬಂದ ರೀತಿಯೂ ವಿಚಿತ್ರವಾದದ್ದೇ. ಮಂದಿರಕ್ಕೆ ಇದ್ದದ್ದು ಸಂಗೀತ ಸಭೆಯ ಪರವಾನಗಿ, ನಾಟಕದ್ದಲ್ಲ. ಆದ್ದರಿಂದ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಆಡುವಂತಿರಲಿಲ್ಲ. ವೇಷ ತೊಟ್ಟ ಗಾಯಕರು ಒಪೆರಾದ ಆಯ್ದ ಭಾಗಗಳನ್ನು ಹಾಡುತ್ತಿದ್ದರು, ನಡುನಡುವೆ ಚಿತ್ರದಂತೆ ನಿಂತು ಸನ್ನಿವೇಶ ತೋರಿಸುತ್ತಿದ್ದರು. ಕಾನೂನಿನ ಕಣ್ಣಿಗೆ ಅದು ಕಚೇರಿ, ಗ್ಯಾಲರಿಯಲ್ಲಿ ಕೂತವರ ಕಣ್ಣಿಗೆ ನಾಟಕ. ಬಾಲ್ಫ್ ಬರೆದ ‘ದಿ ಬೊಹೀಮಿಯನ್ ಗರ್ಲ್’, ವಾಲೆಸ್ ಬರೆದ ‘ಮಾರಿಟಾನ’ದಂಥ ಇಂಗ್ಲಿಷ್ ಒಪೆರಾಗಳ ಹಾಡುಗಳು ಕೇರಿಯ ಜನರ ಬಾಯಲ್ಲಿ ಮೊದಲೇ ಇದ್ದವು.

1897ರಲ್ಲಿ ಎಮ್ಮಾ ಕಾನ್ಸ್ ಅವರ ಸೋದರಿಯ ಮಗಳು ಲಿಲಿಯನ್ ಬೇಲಿಸ್ ದಕ್ಷಿಣ ಆಫ್ರಿಕಾದಿಂದ ಲಂಡನ್ನಿಗೆ ಬಂದರು. ಸಂಗೀತಗಾರರ ಮನೆಯ ಮಗಳು. ಹೆತ್ತವರ ಸಂಚಾರಿ ಮೇಳದಲ್ಲಿ ವಾದ್ಯ ನುಡಿಸಿ, ಜೋಹಾನ್ಸ್‌ಬರ್ಗ್‌ನಲ್ಲಿ ಬ್ಯಾಂಜೊ, ಮ್ಯಾಂಡೊಲಿನ್ ಪಾಠ ಹೇಳಿ ಬದುಕಿದವರು. ಎಮ್ಮಾ ಅವರಿಗೆ ನೆರವಾಗಲು ನಿಂತವರು ಸಾಯುವವರೆಗೂ ಅಲ್ಲೇ ಉಳಿದರು. 1912ರಲ್ಲಿ ಎಮ್ಮಾ ತೀರಿಕೊಂಡ ಮೇಲೆ ಇಡೀ ಸಂಸ್ಥೆಯ ಹೊಣೆ ಅವರದಾಯಿತು. ಅದೇ ಹೊತ್ತಿಗೆ ನಾಟಕದ ಪರವಾನಗಿಯೂ ಸಿಕ್ಕಿತು. ವಾರದ ಕೆಲವು ಸಂಜೆ ಶೇಕ್ಸ್‌ಪಿಯರ್, ಗುರುವಾರ ಮತ್ತು ಶನಿವಾರ ಒಪೆರಾ ಎಂಬ ಪದ್ಧತಿ ಬೆಳೆಯಿತು. ಶನಿವಾರ ಕೂಲಿ ಕೈಸೇರುವ ದಿನವಾದ್ದರಿಂದ ಒಳ್ಳೆಯ ಗಳಿಕೆಯ ದಿನವೂ ಹೌದು.

ಬೇಲಿಸ್ ಅವರ ಬಗ್ಗೆ ರಂಗದವರು ಹೇಳಿಕೊಳ್ಳುವ ಕತೆಗಳಿಗೆ ಕೊನೆಯಿಲ್ಲ. ರಂಗದ ಪಕ್ಕದಲ್ಲೇ, ಪರದೆಯ ಮರೆಯಲ್ಲಿ, ಗ್ಯಾಸ್ ಒಲೆ ಇಟ್ಟುಕೊಂಡು ಅವರು ಸಾಸೇಜ್ ಹುರಿಯುತ್ತಿದ್ದರಂತೆ. ಮುಂದೆ ನಾಯಕಿ ಪ್ರಾಣ ಬಿಡುತ್ತಿರುವಾಗ ಹಿಂದಿನಿಂದ ಚುಂಯ್ ಎಂಬ ಸದ್ದು, ಮೊದಲ ಸಾಲುಗಳವರೆಗೆ ವಾಸನೆ. ಸಂಬಳ ಹೆಚ್ಚಿಸಿ ಎಂದು ಬಂದವರಿಗೆ ದೇವರನ್ನು ಕೇಳಿ ಹೇಳುತ್ತೇನೆ ಎಂದು ಹೋಗಿ, ದೇವರು ಒಪ್ಪಲಿಲ್ಲ ಎಂದು ಮರಳುತ್ತಿದ್ದರೆಂಬ ಮಾತೂ ಇದೆ. ನಗು ಬರಿಸುವ ಈ ಕತೆಗಳ ತಳದಲ್ಲಿ ಇರುವುದು ಬರೇ ಲೆಕ್ಕಾಚಾರ. ಗ್ಯಾಲರಿಯ ಟಿಕೆಟ್ಟು ಕೆಲವೇ ಪೆನ್ನಿಗಳದು; ಅದನ್ನು ಏರಿಸಿದರೆ ಸಂಸ್ಥೆ ಹುಟ್ಟಿದ ಉದ್ದೇಶವೇ ಮುರಿಯುತ್ತದೆ. ಆದಾಯ ಹೆಚ್ಚುವಂತಿಲ್ಲ ಎಂದ ಮೇಲೆ ಖರ್ಚು ಇಳಿಯಬೇಕು. ಹೆಸರಾದ ಗಾಯಕರನ್ನು ಕರೆಸಲು ಹಣವಿಲ್ಲ ಎಂದ ಮೇಲೆ ಹೆಸರಿಲ್ಲದವರನ್ನೇ ರಂಗಕ್ಕೆ ಏರಿಸಬೇಕು. ಎಳೆಯರಿಗೆ ಅವಕಾಶ ಕೊಡಬೇಕೆಂಬ ಧ್ಯೇಯವಾಕ್ಯವೇನೂ ವಿಕ್‌ನ ಗೋಡೆಯ ಮೇಲಿರಲಿಲ್ಲ. ಅವಕಾಶ ಹುಟ್ಟಿದ್ದು ಬಡತನದಿಂದ.

ಕೋರಸ್‌ನಲ್ಲಿ ಇದ್ದವರಲ್ಲಿ ಹಲವರು ಹಗಲು ಬೇರೆ ಕೆಲಸ ಮಾಡಿ ಸಂಜೆ ಬಂದು ಹಾಡುವವರು. ಸಂಗೀತ ಕಾಲೇಜು ಮುಗಿಸಿದ ಹುಡುಗಿಯರು ಕಾಸಿಲ್ಲದೆಯೂ ಹಾಡಲು ಒಪ್ಪುತ್ತಿದ್ದರು. ಟ್ರಿನಿಟಿ ಸಂಗೀತ ಕಾಲೇಜಿನಲ್ಲಿ ಕಲಿತ ಜೋನ್ ಕ್ರಾಸ್ 1920ರ ದಶಕದ ಮೊದಲಲ್ಲಿ ಹೀಗೆ ಕೋರಸ್ಸಿಗೆ ಸೇರಿ, ಸ್ವಲ್ಪ ಕಾಲದಲ್ಲೇ ಮುಖ್ಯ ಪಾತ್ರಗಳಿಗೆ ಏರಿದರು. 1924ರಲ್ಲಿ ಕೋರಸ್ಸಿಗೆ ಬಂದ ಈಡಿತ್ ಕೋಟ್ಸ್ ಮುಂದೆ ದಶಕಗಳ ಕಾಲ ಇಂಗ್ಲಿಷ್ ಒಪೆರಾದ ಪ್ರಮುಖ ಮೆಜ್ಜೊ, ಅಂದರೆ ನಡುಸ್ಥಾಯಿಯ, ಕಂಠವಾದರು. ಮಿಲಾನಿನಲ್ಲಿ ಆಗಷ್ಟೇ ಮೊದಲ ಹೆಜ್ಜೆ ಇಟ್ಟು ಬಂದಿದ್ದ ಹೆಡಲ್ ನ್ಯಾಶ್ 1925ರಲ್ಲಿ ಇಲ್ಲಿ ಹಾಡಿದರು. ಕೋರಸ್ಸಿನಿಂದ ಪಾತ್ರಕ್ಕೆ ಹಾರುವ ಈ ದೂರ ದೊಡ್ಡ ಮಂದಿರದಲ್ಲಿ ಹತ್ತು ವರ್ಷದ್ದು. ವಿಕ್‌ನಲ್ಲಿ ಯಾರಿಗಾದರೂ ಗಂಟಲು ಕಟ್ಟಿದರೆ ಸಾಕಿತ್ತು.

ವಾದ್ಯವೃಂದದ ಹೊಣೆ ಚಾರ್ಲ್ಸ್ ಕೋರಿ ಅವರದು. ವಾಗ್ನರ್ ಒಪೆರಾಗಳಿಗೆ ಬೇಕಾದ ದೊಡ್ಡ ವಾದ್ಯವೃಂದ ವಿಕ್‌ನ ರಂಗದ ಮುಂದೆ ವಾದ್ಯಗಾರರು ಕೂರುವ ಗುಂಡಿಯಲ್ಲಿ ಹಿಡಿಸುತ್ತಲೂ ಇರಲಿಲ್ಲ, ಸಂಸ್ಥೆಗೆ ಕೈಗೆಟಕುತ್ತಲೂ ಇರಲಿಲ್ಲ. ಕೋರಿ ಆ ಸಂಗೀತವನ್ನು ಕೈಯಿಂದಲೇ ಮತ್ತೆ ಬರೆದು, ಇರುವ ವಾದ್ಯಗಳಿಗೆ ಹಂಚಿ, ಇಲ್ಲದವುಗಳ ಸ್ವರವನ್ನು ಪಕ್ಕದವನ ಹಾಳೆಗೆ ಸೇರಿಸಿ ಇಳಿಸುತ್ತಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಗಾದೆ. ಕೋರಿ ಮಾಡಿದ್ದು ಕಾಲನ್ನೇ ಹಾಸಿಗೆಯ ಅಳತೆಗೆ ಮಡಚುವ ಕೆಲಸ. ಪಂಡಿತರು ಮೂಗು ಮುರಿದಿರಬಹುದು. ಆದರೆ ಎಳೆಯ ಕಂಠಗಳಿಗೆ ಇದರಿಂದ ಒಂದು ಲಾಭವಿತ್ತು. ಭಾರವಾದ ಪಾತ್ರಗಳನ್ನು ಹೊರುವ ಬಲ ಗಂಟಲಿಗೆ ಬರುವುದು ಸಾಮಾನ್ಯವಾಗಿ ಮೂವತ್ತು ದಾಟಿದ ಮೇಲೆ. ಅದಕ್ಕೆ ಮೊದಲು ದೊಡ್ಡ ವಾದ್ಯವೃಂದದ ಎದುರು ಕಿರುಚಿದರೆ ದನಿ ಒಡೆಯುತ್ತದೆ. ಸಣ್ಣ ವಾದ್ಯವೃಂದದ ಎದುರು ಅಷ್ಟು ಕಿರುಚಬೇಕಾಗಿರಲಿಲ್ಲ.

1920ರಲ್ಲಿ ವಿಕ್ ಮೊಜಾರ್ಟ್‌ನ ‘ದಿ ಮ್ಯಾರೇಜ್ ಆಫ್ ಫಿಗರೊ’ವನ್ನು ಸಂಗೀತ ವಿದ್ವಾಂಸ ಎಡ್ವರ್ಡ್ ಡೆಂಟ್ ಮಾಡಿದ ಹೊಸ ಇಂಗ್ಲಿಷ್ ಅನುವಾದದಲ್ಲಿ ರಂಗಕ್ಕೆ ತಂದಿತು. ನಿರ್ದೇಶಿಸಿದವರು ಕ್ಲೈವ್ ಕೇರಿ. ಮಾತು ಕೇಳುಗನಿಗೆ ತಿಳಿಯಬೇಕು, ಹಾಡುವವರು ನಟಿಸಲೂಬೇಕು ಎಂಬುದು ಇಬ್ಬರ ಹಟ. ಎಳೆಯ ಗಾಯಕರ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ ಎನ್ನಬೇಕು. ಅದರಲ್ಲಿ ಕೆರುಬಿನೊ ಎಂಬ ಪಾತ್ರವೊಂದಿದೆ. ಹರೆಯಕ್ಕೆ ಕಾಲಿಡುತ್ತಿರುವ ಹುಡುಗ, ಆದರೆ ಹಾಡುವುದು ಹುಡುಗಿ. ಮೊದಲ ಅಂಕದಲ್ಲಿ ಅವನು ಏದುಸಿರು ಬಿಡುವಂಥ ಹಾಡನ್ನು ಒಂದೇ ಓಟದಲ್ಲಿ ಮುಗಿಸಬೇಕು. ಜಮೀನ್ದಾರ ಬರುತ್ತಲೇ ಕುರ್ಚಿಯ ಹಿಂದೆ ಅಡಗಬೇಕು. ಜಮೀನ್ದಾರನೂ ಅಡಗಲು ಅದೇ ಕುರ್ಚಿಯ ಹಿಂದಕ್ಕೆ ಹೊರಟಾಗ ಮುಂದಿನಿಂದ ಸುತ್ತಿ ಬಂದು ಕುರ್ಚಿಯಲ್ಲಿ ಮುದುಡಿ, ಮೇಲೆ ಬಟ್ಟೆ ಹೊದೆಸಿಕೊಳ್ಳಬೇಕು. ಇದೆಲ್ಲ ತಾಳ ತಪ್ಪದೆ. ಎರಡನೆಯ ಅಂಕದಲ್ಲಿ ಹುಡುಗನಾದ ಹುಡುಗಿಗೆ ಮತ್ತೆ ಹುಡುಗಿಯ ಉಡುಪು ತೊಡಿಸುತ್ತಾರೆ. ಆಮೇಲೆ ಕಿಟಕಿಯಿಂದ ಹಾರಬೇಕು. ಕುರ್ಚಿ ಒಂದು ಮೊಳ ಆಚೆ ಇದ್ದರೆ ದೃಶ್ಯ ಕೆಟ್ಟಿತು. ಪಿಯಾನೊ ಪಕ್ಕ ನಿಂತು ಕಲಿಯುವ ವಿದ್ಯೆ ಇದಲ್ಲ. ಜೋನ್ ಕ್ರಾಸ್ ಪಾತ್ರಧಾರಿಯಾಗಿ ಮೊದಲು ಗಮನ ಸೆಳೆದದ್ದು ಕೆರುಬಿನೊ ಆಗಿಯೇ. ಹಾಗೆ ನೋಡಿದರೆ 1786ರಲ್ಲಿ ವಿಯೆನ್ನಾದಲ್ಲಿ ಈ ಒಪೆರಾದ ಮೊದಲ ಪ್ರದರ್ಶನವಾದಾಗ ಬಾರ್ಬರಿನಾ ಎಂಬ ಸಣ್ಣ ಪಾತ್ರ ಹಾಡಿದ ಅನ್ನಾ ಗಾಟ್‌ಲೀಬ್‌ಗೆ ಹನ್ನೆರಡೇ ವರ್ಷ.

ಒಂದೇ ರಂಗದಲ್ಲಿ ನಾಟಕವೂ ಒಪೆರಾವೂ ಇಕ್ಕಟ್ಟಾದಾಗ ಬೇಲಿಸ್ 1925ರಲ್ಲಿ ನದಿಯ ಉತ್ತರಕ್ಕೆ, ಇಸ್ಲಿಂಗ್ಟನ್‌ನಲ್ಲಿ ಪಾಳುಬಿದ್ದಿದ್ದ ಸ್ಯಾಡ್ಲರ್ಸ್ ವೆಲ್ಸ್ ಮಂದಿರವನ್ನು ಮತ್ತೆ ಕಟ್ಟಲು ಚಂದಾ ಎತ್ತತೊಡಗಿದರು. 1931ರ ಜನವರಿ 6ರಂದು ಅದು ನಾಟಕದೊಂದಿಗೆ ತೆರೆಯಿತು, ಎರಡು ವಾರದ ಬಳಿಕ ‘ಕಾರ್ಮೆನ್’ ಒಪೆರಾ. ಮೊದಮೊದಲು ಎರಡೂ ಕಂಪನಿಗಳು ಎರಡು ಮಂದಿರಗಳ ನಡುವೆ ಸರದಿಯಂತೆ ಓಡಾಡಿದವು. ಸಾಮಾನು ಸಾಗಿಸುವ ಖರ್ಚೇ ಮೈಮೇಲೆ ಬಂತು. ಕೊನೆಗೆ ನಾಟಕ ವಿಕ್‌ನಲ್ಲೂ, ಒಪೆರಾ ಮತ್ತು ನಿನೆಟ್ ಡಿ ವಾಲ್ವಾ ಕಟ್ಟಿದ ಬ್ಯಾಲೆ ವೆಲ್ಸ್‌ನಲ್ಲೂ ನಿಂತವು. ಬೇಲಿಸ್ 1937ರ ನವೆಂಬರಿನಲ್ಲಿ ತೀರಿಕೊಂಡರು.

ಯುದ್ಧ ಬಂದಾಗ ಕಂಪನಿ ತನ್ನ ಹಳೆಯ ಸ್ಥಿತಿಗೇ ಮರಳಿತು. 1940ರಲ್ಲಿ ವೆಲ್ಸ್ ಮಂದಿರ ಬಾಂಬಿಗೆ ಮನೆ ಕಳೆದುಕೊಂಡವರ ಆಸರೆಯಾಯಿತು. ಕೇವಲ ಇಪ್ಪತ್ತು ಜನರ ತಂಡ ಊರೂರು ಸುತ್ತಿತು. ಜೋನ್ ಕ್ರಾಸ್ ತಂಡ ನಡೆಸುತ್ತ, ಬೇಕೆಂದಾಗ ನಾಯಕಿಯಾಗಿಯೂ ಹಾಡಿದರು. ತಂಡ ಮೊದಲು 50ಕ್ಕೆ, ಆಮೇಲೆ 80ಕ್ಕೆ ಬೆಳೆಯಿತು. ಮಂದಿರ 1945ರ ಜೂನ್ 7ರಂದು ಮತ್ತೆ ತೆರೆದಾಗ ಆಡಿದ್ದು ಬೆಂಜಮಿನ್ ಬ್ರಿಟನ್‌ನ ಹೊಸ ಒಪೆರಾ ‘ಪೀಟರ್ ಗ್ರೈಮ್ಸ್’. ಇಂಗ್ಲಿಷ್ ಒಪೆರಾಕ್ಕೆ ಅದು ಹಬ್ಬದ ದಿನ. ಕಂಪನಿಯೊಳಗೆ ಮಾತ್ರ ಜಗಳ. ಈ ಕರ್ಕಶ ಸಂಗೀತ ಯಾರಿಗೆ ಬೇಕು ಎಂದು ಗೊಣಗಿದವರು ಅಲ್ಲೇ ಉಳಿದರು. ನಾಯಕಿಯಾಗಿ ಹಾಡಿದ ಕ್ರಾಸ್, ನಾಯಕ ಪೀಟರ್ ಪಿಯರ್ಸ್ ಹೊರಬಿದ್ದರು. ಸ್ಯಾಡ್ಲರ್ಸ್ ವೆಲ್ಸ್ ಒಪೆರಾ 1968ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಆಸನಗಳ ಕೊಲಿಸಿಯಂ ಮಂದಿರಕ್ಕೆ ಹೋಗಿ, 1974ರಲ್ಲಿ ಇಂಗ್ಲಿಷ್ ನ್ಯಾಷನಲ್ ಒಪೆರಾ ಎಂಬ ಹೆಸರು ಪಡೆಯಿತು. ದೊಡ್ಡದಾದ ಮೇಲೆ ಅದಕ್ಕೂ ದೊಡ್ಡವರ ಗುಣವೇ ಬಂತು. ಪಳಗದ ಗಾಯಕನನ್ನು ಅಷ್ಟು ದೊಡ್ಡ ರಂಗಕ್ಕೆ ಏರಿಸುವ ಧೈರ್ಯ ಯಾರಿಗಿದೆ? ಹಳೆಯ ಕಂದರ ಮತ್ತೆ ಬಾಯಿ ತೆರೆಯಿತು.

ಕಂಪನಿ ಕೊಲಿಸಿಯಂಗೆ ಹೋಗುವುದಕ್ಕೂ ಬಹಳ ಮೊದಲೇ ಅದನ್ನು ಗುರುತಿಸಿದವರು ವಿಕ್‌ನ ಕೋರಸ್ಸಿನಿಂದಲೇ ಬಂದ ಜೋನ್ ಕ್ರಾಸ್. 1948ರಲ್ಲಿ ಗಾಯಕಿ ಆನ್ ವುಡ್ ಜೊತೆ ಸೇರಿ ಅವರು ಒಪೆರಾ ಸ್ಟುಡಿಯೊ ತೆರೆದರು. ಮುಂದೆ ಇದು ನ್ಯಾಷನಲ್ ಸ್ಕೂಲ್ ಆಫ್ ಒಪೆರಾ ಆಯಿತು. ವಿಕ್‌ನಲ್ಲಿ ಕಾಸಿನ ಕೊರತೆಯಿಂದ ತಾನಾಗಿ ಆದದ್ದನ್ನು ಇಲ್ಲಿ ಬೇಕೆಂದೇ ಮಾಡುವ ಯತ್ನ ನಡೆಯಿತು. ಹೊತ್ತೂ ಕೂಡಿಬಂದಿತ್ತು. ಸಂಗೀತ ಸಂಸ್ಥೆಗಳು ಧರ್ಮಾರ್ಥ ಎನಿಸಿಕೊಳ್ಳಬಹುದೇ, ಅವು ತೆರಿಗೆ ಕೊಡಬೇಕೇ ಎಂಬ ಪ್ರಶ್ನೆಗೆ ರಾಯಲ್ ಕೋರಲ್ ಸೊಸೈಟಿಯ ಮೊಕದ್ದಮೆಯಲ್ಲಿ 1943ರಲ್ಲಿ ಮೇಲ್ಮನವಿ ನ್ಯಾಯಾಲಯ ಉತ್ತರ ಕೊಟ್ಟಿತ್ತು: ಜನರ ಅಭಿರುಚಿ ಬೆಳೆಸುವುದೂ ಶಿಕ್ಷಣವೇ, ಆದ್ದರಿಂದ ಅದು ಧರ್ಮಾರ್ಥ ಕಾರ್ಯ. ಕಾಫಿ ಕುಡಿಸಿ ಹೆಂಡ ಬಿಡಿಸುವ ನೆಪ ಇನ್ನು ಬೇಕಿರಲಿಲ್ಲ. ಹಾಡನ್ನು ಹಾಡಿನ ಸಲುವಾಗಿಯೇ ದಾನಕ್ಕೆ ಅರ್ಹ ಎಂದು ಒಪ್ಪಿದಂತಾಯಿತು. ಸಣ್ಣ ಒಪೆರಾ ಕಂಪನಿಗಳು ದತ್ತಿ ಸಂಸ್ಥೆಗಳಾಗಿ ಕಾಲೂರುವುದಕ್ಕೆ ಈ ತೀರ್ಪು ಆಧಾರವಾಯಿತು.

ಆಡಲು ತಕ್ಕ ಒಪೆರಾಗಳೂ ಆಗಲೇ ಬಂದವು. ಬೆಂಜಮಿನ್ ಬ್ರಿಟನ್ 1946ರಲ್ಲಿ ಬರೆದ ‘ದಿ ರೇಪ್ ಆಫ್ ಲುಕ್ರೀಷಿಯಾ’ಕ್ಕೆ ಬೇಕಾದದ್ದು ಎಂಟು ಗಾಯಕರು, ಹದಿಮೂರು ವಾದ್ಯಗಾರರು. ಅದರಲ್ಲಿ ಹಾಡಿದ ಕ್ಯಾಥ್ಲೀನ್ ಫೆರಿಯರ್ ಕಚೇರಿಗಳಲ್ಲಿ ಆಗಲೇ ಹೆಸರಾಗಿದ್ದರೂ ಒಪೆರಾ ರಂಗ ಹತ್ತಿದ್ದು ಅದೇ ಮೊದಲು. ಮರುವರ್ಷದ ‘ಆಲ್ಬರ್ಟ್ ಹೆರಿಂಗ್’ ಕೂಡ ಇದೇ ಅಳತೆಯದು. ಕೋರಿ ಕತ್ತರಿ ಹಿಡಿದು ಮಾಡಬೇಕಾಗಿದ್ದ ಕೆಲಸವನ್ನು ಈ ಸಂಗೀತಕಾರ ಬರೆಯುವಾಗಲೇ ಮುಗಿಸಿದ್ದ. ಕಲಿಯುವವರ ತಂಡಗಳು ಇವೆರಡನ್ನೂ ಮತ್ತೆ ಮತ್ತೆ ಎತ್ತಿಕೊಳ್ಳುವುದಕ್ಕೆ ಕಾರಣ ಇದೇ. 1949ರಲ್ಲಿ ಸರ್ಕಾರದ ಹಣದಿಂದ ನಡೆಯುವ ಕಲಾ ಮಂಡಳಿ ಶುರುಮಾಡಿದ ‘ಒಪೆರಾ ಫಾರ್ ಆಲ್’ ಇನ್ನೂ ಕೆಳಗಿಳಿದು, ಕೆಲವೇ ಗಾಯಕರನ್ನೂ ಒಂದು ಪಿಯಾನೊವನ್ನೂ ಹೊತ್ತು ಸಣ್ಣ ಊರುಗಳಿಗೆ ಹೋಯಿತು.

1963ರಲ್ಲಿ ಕ್ರಾಸ್ ಅವರ ಶಾಲೆಯ ಜಾಗಕ್ಕೆ ಲಂಡನ್ ಒಪೆರಾ ಸೆಂಟರ್ ಬಂತು. ಅದರ ನೆಲೆ ಸ್ಟೆಪ್ನಿಯಲ್ಲಿ ಮುಚ್ಚಿದ್ದ ಟ್ರಾಕ್ಸಿ ಎಂಬ ಭಾರಿ ಸಿನಿಮಾ ಮಂದಿರ. ನ್ಯೂಜಿಲೆಂಡಿನಿಂದ ಬಂದ ಕಿರಿ ಟೆ ಕನಾವ 1966ರಲ್ಲಿ ಸೇರಿದ್ದು ಇಲ್ಲಿಗೆ. ಐದು ವರ್ಷದ ಬಳಿಕ ಕೋವೆಂಟ್ ಗಾರ್ಡನ್‌ನಲ್ಲಿ ಅವರು ಗೆದ್ದದ್ದು ‘ಫಿಗರೊ’ದ ಕೌಂಟೆಸ್ ಪಾತ್ರದಿಂದ. 1970ರ ದಶಕದ ಕೊನೆಗೆ ಈ ಕೇಂದ್ರ ಮುಚ್ಚಿ, ವರ್ಷಕ್ಕೆ ಕೆಲವೇ ಗಾಯಕರನ್ನು ಆಯ್ದು ಪಳಗಿಸುವ ನ್ಯಾಷನಲ್ ಒಪೆರಾ ಸ್ಟುಡಿಯೊ ತೆರೆಯಿತು. ಗಾಯಕ ಮೈಕೆಲ್ ಲ್ಯಾಂಗ್‌ಡನ್ ಅದರ ಮೊದಲ ನಿರ್ದೇಶಕರು. ಮೊದಲ ವರ್ಷಗಳಲ್ಲಿ ಅದಕ್ಕೆ ಸೂರು ಕೊಟ್ಟದ್ದು ಓಲ್ಡ್ ವಿಕ್‌ನ ಭಾಷಣಗಳಿಂದ ಹುಟ್ಟಿದ್ದ ಅದೇ ಮೋರ್ಲಿ ಕಾಲೇಜು.

ಆಯ್ಕೆಯಾದ ಬೆರಳೆಣಿಕೆಯವರಿಗೆ ಹೀಗೆ ದಾರಿಯಾಯಿತು. ಕಾಲೇಜಿನಿಂದ ಪ್ರತಿ ವರ್ಷ ಹೊರಬೀಳುವ ಉಳಿದವರಿಗಾಗಿ 1987ರಲ್ಲಿ ಲೇಬರ್ ಪಕ್ಷದ ಮಾಜಿ ಸಂಸದ ಡೆನಿಸ್ ಕೋ ಬ್ರಿಟಿಷ್ ಯೂತ್ ಒಪೆರಾ ಎಂಬ ಧರ್ಮಾರ್ಥ ಕಂಪನಿ ಕಟ್ಟಿದರು. ಬೇರೆ ಬೇರೆ ಸಂಗೀತ ಕಾಲೇಜುಗಳ ವಿದ್ಯಾರ್ಥಿಗಳನ್ನೂ ಆಗಷ್ಟೇ ಓದು ಮುಗಿಸಿದವರನ್ನೂ ಧ್ವನಿಪರೀಕ್ಷೆಯಲ್ಲಿ ಆರಿಸಿ, ಬೇಸಿಗೆ ರಜೆಯಲ್ಲಿ ತಾಲೀಮು ನಡೆಸಿ, ಕಾಲೇಜು ಮತ್ತೆ ಶುರುವಾಗುವ ಹೊತ್ತಿಗೆ ಲಂಡನ್ನಿನ ವೃತ್ತಿಪರ ರಂಗಮಂದಿರದಲ್ಲಿ ಪೂರ್ಣ ಒಪೆರಾ ಆಡಿಸುವುದು ಅದರ ಕ್ರಮವಾಗಿತ್ತು. ನಿರ್ದೇಶಕರೂ ನಿರ್ವಾಹಕರೂ ಅನುಭವಸ್ಥರು; ಗಾಯಕರು, ತಾಲೀಮಿಗೆ ಪಿಯಾನೊ ನುಡಿಸುವವರು, ರಂಗದ ಹಿಂದೆ ದುಡಿಯುವವರಲ್ಲಿ ಹಲವರು ಕಲಿಯುವವರು.

ಇಂಥ ಕಂಪನಿಗಳಲ್ಲಿ ವಾರಗಟ್ಟಲೆ ತಾಲೀಮು ನಡೆಯುವುದು ಪಿಯಾನೊ ಜೊತೆಗೆ. ವಾದ್ಯಗಾರರಿಗೆ ಗಂಟೆಯ ಲೆಕ್ಕದಲ್ಲಿ ಹಣ ಕೊಡಬೇಕಾದ್ದರಿಂದ ಅವರು ಬರುವುದು ಕೊನೆಯಲ್ಲಿ. ಗಾಯಕರು ನಟನೆ ಬದಿಗಿಟ್ಟು, ಕುರ್ಚಿಯಲ್ಲಿ ಕೂತು, ಮೊದಲ ಸಲ ವಾದ್ಯವೃಂದದೊಂದಿಗೆ ಹಾಡುವ ಆ ತಾಲೀಮಿಗೆ ‘ಸಿಟ್ಸ್‌ಪ್ರೋಬೆ’ ಎಂಬ ಜರ್ಮನ್ ಹೆಸರಿದೆ. ಪಿಯಾನೊದ ಸ್ವರ ಒತ್ತಿದ ಕ್ಷಣವೇ ಎದ್ದು ನಿಲ್ಲುತ್ತದೆ, ಪಿಟೀಲುಗಳದು ನಿಧಾನವಾಗಿ ಅರಳುತ್ತದೆ. ಎರಡು ತಿಂಗಳು ಪಿಯಾನೊಗೆ ಕಿವಿಗೊಟ್ಟ ಹುಡುಗ ತನ್ನ ಸಾಲು ಎತ್ತಿಕೊಳ್ಳುವ ಜಾಗ ಕಾಣದೆ ಮೊದಲ ಸಲ ತಡವರಿಸುವುದು ಮಾಮೂಲು. ಒಂದೇ ಪಾತ್ರಕ್ಕೆ ಇಬ್ಬರನ್ನು ಗೊತ್ತುಮಾಡಿ ರಾತ್ರಿ ಬಿಟ್ಟು ರಾತ್ರಿ ಆಡಿಸುವುದು ಇನ್ನೊಂದು ರೂಢಿ. ಎಳೆಯ ಗಂಟಲಿಗೆ ವಿಶ್ರಾಂತಿ, ಒಂದೇ ರಂಗಸಜ್ಜಿಕೆಯ ಖರ್ಚಿನಲ್ಲಿ ಎರಡು ಪಟ್ಟು ಮಂದಿಗೆ ಅವಕಾಶ.

ಕೊರತೆಯ ಹೊರೆ ಯಾರ ಹೆಗಲಿಗೆ ಎಂಬ ಪ್ರಶ್ನೆ ಮಾತ್ರ ಬೇಲಿಸ್ ಕಾಲದಿಂದಲೂ ಬಗೆಹರಿದಿಲ್ಲ. ವಿಕ್‌ನ ಕೋರಸ್ಸಿಗೆ ಕಾಸಿಲ್ಲದೆ ಹಾಡಿದ ಹುಡುಗಿಯರಿಗೆ ಮನೆಯ ಆಸರೆ ಇದ್ದಿರಲೇಬೇಕು. ಈಚೆಗೆ ಅನುಭವ ಕೊಡುತ್ತೇವೆಂದು ಹಾಡುವವರಿಂದಲೇ ಶುಲ್ಕ ಕೇಳುವ ತಂಡಗಳೂ ಹುಟ್ಟಿ, ಹಣವಿದ್ದವರಿಗೆ ಮಾತ್ರ ರಂಗವೇ ಎಂಬ ತಕರಾರಿಗೆ ಎಡೆಯಾಗಿದೆ. ದಾನಿಗಳನ್ನು ನೆಚ್ಚಿದ ಕಂಪನಿಗಳು ದಾನ ಇಳಿದ ವರ್ಷ ಒಪೆರಾಗಳ ಸಂಖ್ಯೆಯನ್ನೇ ಇಳಿಸುತ್ತವೆ. ಬ್ರಿಟಿಷ್ ಯೂತ್ ಒಪೆರಾ ವಾದ್ಯವೃಂದದ ಖರ್ಚಿಗೆ ಕಂಡುಕೊಂಡ ದಾರಿ ಇವೆಲ್ಲಕ್ಕಿಂತ ಜಾಣತನದ್ದು. 2002ರಲ್ಲಿ ಹುಟ್ಟಿದ ಸೌತ್‌ಬ್ಯಾಂಕ್ ಸಿನ್‌ಫೊನಿಯಾ ಕೂಡ ಆಗಷ್ಟೇ ಕಲಿತು ಹೊರಬಂದ ವಾದ್ಯಗಾರರನ್ನು ಪಳಗಿಸುವ ಧರ್ಮಾರ್ಥ ಸಂಸ್ಥೆ. ಅದರ ಎಳೆಯರು ಗುಂಡಿಯಲ್ಲಿ ಕೂತು ನುಡಿಸಿದರು, ಇದರ ಎಳೆಯರು ಮೇಲೆ ನಿಂತು ಹಾಡಿದರು. ಆಗ ಆ ವಾದ್ಯವೃಂದದ ಮನೆಯಾಗಿದ್ದದ್ದು ಸಂತ ಜಾನ್ ಚರ್ಚು. ಅದಿರುವುದು ಓಲ್ಡ್ ವಿಕ್‌ನಿಂದ ಕೆಲವೇ ನಿಮಿಷದ ನಡಿಗೆಯಲ್ಲಿ, ಅದೇ ವಾಟರ್‌ಲೂ ರಸ್ತೆಯಲ್ಲಿ.